ಗಾಜಿನ ಬಿರುಕು, ಸೀಟಿನ ಮೇಲಿನ ಕೌದಿ

ಹಿರೇಕಣಗಿ,
ಫೆಬ್ರುವರಿ ೩೦, ೨೨೩೮

ಎರಡು ಶತಮಾನದ ಹಿಂದೆ ಗಾಡಿ ಓಡಿಸುತ್ತಿರುವವರಿಗೆ,

ಒಂದು ಸಂಗತಿಯನ್ನು ಹೇಳದೆ ಬಿಡುವುದರಲ್ಲಿದ್ದೆ. ನಾನು ಹೇಳಹೊರಟಿರುವ ಬಿರುಕುಬಿಟ್ಟ ಗಾಜು ನನ್ನ ಗಾಡಿಯದೇ. ಈ ಕಾಗದದ ಮೊದಲ ಕರಡಿನಲ್ಲಿ ಅದು ‘ನನಗೆ ಪರಿಚಯದ ಒಬ್ಬ ಹೆಂಗಸಿನ ಗಾಡಿ’ ಆಗಿತ್ತು. ಆಕೆಗೆ ನಾನು ಬಹಳ ಧಾರಾಳವಾಗಿ ಬುದ್ಧಿ ಹೇಳಿದ್ದೆ. ಓದಿ ನೋಡಿದಾಗ ನಾಚಿಕೆಯಾಯಿತು, ಹರಿದು ಹಾಕಿದೆ.

ಮೇಲಿನ ತಾರೀಖು ಕೈತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಇಂಗ್ಲಿಷಿನಲ್ಲಿ ಓದಿದವಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪತ್ರಗಳನ್ನು ನೋಡಿ ಕಲಿತೆ. ನಲವತ್ತೈದು ತುಂಬಿದವರು ಹಿಂದಿನ ಕಾಲಕ್ಕೆ ಜೀವನದಲ್ಲಿ ಒಂದೇ ಒಂದು ಕಾಗದ ಕಳಿಸಬಹುದು. ಇದಕ್ಕೆ ಹಿಂದಂಚೆ ಎನ್ನುತ್ತೇವೆ. ಯುದ್ಧ, ಚುನಾವಣೆ, ಚಿನ್ನದ ಬೆಲೆ ಬರೆದರೆ ಅಂಚೆಯವರು ಮಸಿ ಬಳಿಯುತ್ತಾರೆ. ಓದಿದವರು ತಮ್ಮ ಕೈಯಾರೆ ಮಾಡಬಹುದಾದ ಒಂದು ಕೆಲಸ ಕಾಗದದಲ್ಲಿ ಇರಲೇಬೇಕು. ನನಗೆ ಚೆನ್ನಾಗಿ ಗೊತ್ತಿರುವುದು ಗಾಡಿಯ ಮುಂದಿನ ಗಾಜು. ಚೆನ್ನಾಗಿ ಗೊತ್ತಿದೆ ಎಂದು ಈ ಬೆಳಗಿನವರೆಗೆ ನಂಬಿದ್ದೆ.

ನಾಳೆ ನಮ್ಮೂರಿನ ಸೇತುವೆ ತೆರೆಯುತ್ತದೆ. ಅರವತ್ತೆಂಟು ವರ್ಷದ ಹಿಂದೆ ಹಿನ್ನೀರು ಬಂದು ಹಿರೇಕಣಗಿಯನ್ನೂ ಚಿಕ್ಕಕಣಗಿಯನ್ನೂ ಬೇರೆ ಮಾಡಿತು. ಅಂದಿನಿಂದ ಆ ದಂಡೆಯ ದೀಪಗಳನ್ನು ನೋಡುತ್ತಲೇ ಬಂದಿದ್ದೇವೆ. ಈಗ ನಡುವೆ ನಾಲ್ಕು ಕಿಲೋಮೀಟರ್ ಕಲ್ಲುಸೇತುವೆ ನಿಂತಿದೆ. ಬೀದಿಯಲ್ಲಿ ಗಾಡಿಗಳನ್ನು ತೊಳೆಯುತ್ತಿದ್ದಾರೆ, ಬಣ್ಣ ಬಳಿಯುತ್ತಿದ್ದಾರೆ. ಎದುರುಮನೆಯವರು ಆ ದಂಡೆಯ ನೆಂಟರಿಗೆಂದು ಎರಡು ದಿನದಿಂದ ರೊಟ್ಟಿ ಬಡಿಯುತ್ತಿದ್ದಾರೆ. ಯಾವ ಗಾಡಿ ಮೊದಲು ದಾಟಬೇಕೆಂದು ಚೀಟಿ ಎತ್ತಿದಾಗ ಬಂದದ್ದು ನನ್ನ ಹೆಸರು. ಎರಡನೆಯದು ಪಕ್ಕದ ಓಣಿಯ ಫಕೀರವ್ವನದು.

ನಮ್ಮ ಗಾಡಿಗಳು ಬಿಸಿಲಿನಿಂದ ಓಡುತ್ತವೆ. ನಡುವೆ ಕೆಲವು ತಲೆಮಾರು ಗಾಡಿಗಳು ತಾವೇ ದಾರಿ ನೋಡಿಕೊಂಡು ಓಡಿದವಂತೆ. ಡಾಂಬರು ಮುಗಿದು ಜಲ್ಲಿದಾರಿ ಬಂದ ಮೇಲೆ ಅವು ಕಂಗೆಟ್ಟವು, ನಾವು ಮತ್ತೆ ಸ್ಟೇರಿಂಗ್ ಹಿಡಿದೆವು. ಜಲ್ಲಿ ಎಂದ ಮೇಲೆ ಕಲ್ಲು ಸಿಡಿಯುವುದು ಇದ್ದದ್ದೇ. ಮುಂದಿನ ಗಾಜು ಮಾತ್ರ ನಿಮ್ಮ ಕಾಲದಂತೆಯೇ ಇದೆ: ಎರಡು ಗಾಜು, ನಡುವೆ ಒಂದು ತೆಳುವಾದ ಹಾಳೆ. ಹೊರಗಿನ ಗಾಜಿಗೆ ಮಾತ್ರ ನಾಣ್ಯದಷ್ಟು ಪೆಟ್ಟಾಗಿದ್ದರೆ ರಾಳ ತುಂಬಿಸಿದರೆ ಸಾಕು. ತುಂಬಿಸುವವರೆಗೆ ಮೇಲೆ ಟೇಪು ಅಂಟಿಸಿ ದೂಳು ನೀರು ಸೇರದಂತೆ ನೋಡಿಕೊಳ್ಳಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಬಿರುಕು ಗೇಣಿಗಿಂತ ಉದ್ದವಾದರೆ, ಅಂಚಿಗೆ ಮುಟ್ಟಿದರೆ, ಅಥವಾ ಒಳಗಿನ ಗಾಜಿಗೂ ಇಳಿದರೆ ಇಡೀ ಗಾಜನ್ನೇ ಬದಲಿಸಬೇಕು. ಗಾಡಿ ಮಗುಚಿದಾಗ ಚಾವಣಿ ಕುಸಿಯದಂತೆ ಹಿಡಿಯುವುದರಲ್ಲಿ ಆ ಗಾಜಿನದೂ ಪಾಲಿದೆ. ಇಷ್ಟನ್ನು ನಿಮ್ಮ ಊರಿನ ಗಾಜಿನಂಗಡಿಯವರೂ ಹೇಳಿಯಾರು.

ಅವರು ಹೇಳಲಾರದ್ದು ನಮ್ಮ ಪರನೋಟದ ಪದ್ಧತಿ. ಪೆಟ್ಟಾದ ಗಾಜಿನ ತೀರ್ಪನ್ನು ಆ ಗಾಡಿ ಓಡಿಸುವವರು ಕೊಡುವಂತಿಲ್ಲ. ಬೇರೆಯವರು ಬಂದು ಅವರ ಸೀಟಿನಲ್ಲಿ ಕುಳಿತು ನೋಡಬೇಕು. ನಾನು ಹದಿನಾಲ್ಕು ವರ್ಷದಿಂದ ಊರವರ ಗಾಡಿಗಳಿಗೆ ಪರನೋಟ ಮಾಡುತ್ತಿದ್ದೇನೆ. ಮೊನ್ನೆ ಸಂಜೆ ನನ್ನದೇ ಗಾಜಿಗೆ ಕಲ್ಲು ಬಡಿದಾಗ ಯಾರನ್ನೂ ಕರೆಯಲಿಲ್ಲ. ನಾಲ್ಕು ಬೆರಳಿನ ಬಿರುಕು, ಅಂಚಿನಿಂದ ದೂರ, ಹೊರಗಿನ ಗಾಜಿಗೆ ಮಾತ್ರ. ನಾನೇ ರಾಳ ತುಂಬಿದೆ. ಅದು ಚೆನ್ನಾಗಿ ಹಿಡಿಯಿತು, ಬಿರುಕು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಹೊಸ ಗಾಜು ಕೂರಿಸಿದರೆ ಜಾಲಿಮರದ ಅಂಟು ಗಟ್ಟಿಯಾಗಲು ಮೂರು ದಿನ ಬೇಕು. ಮೂರು ದಿನ ಗಾಡಿ ನಿಂತರೆ ಸೇತುವೆಯ ಮೇಲೆ ಮೊದಲ ಗಾಡಿ ಫಕೀರವ್ವನದಾಗುತ್ತಿತ್ತು. ಇದನ್ನು ಆಗ ಯೋಚಿಸಿದ್ದೆನೇ? ಇಲ್ಲ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ.

ಇಂದು ಬೆಳಗ್ಗೆ ಹೊತ್ತು ಹುಟ್ಟುವಾಗ ಆ ಫಕೀರವ್ವನೇ ಬಂದಳು. ಅರವತ್ತು ದಾಟಿದವಳು, ಪಕ್ಕದ ಓಣಿಯ ಪರನೋಟದವಳು, ನನಗೆ ಈ ಕೆಲಸ ಕಲಿಸಿದವಳೂ ಹೌದು. ಗಾಡಿ ಬಾಗಿಲು ತಾನೇ ತೆಗೆದಳು. ಗಾಜಿನ ಕಡೆ ನೋಡಲೇ ಇಲ್ಲ. ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಕಿದ್ದ, ಹಳೆ ಸೀರೆಗಳಿಂದ ಹೊಲಿದ ನನ್ನ ಕೌದಿಯನ್ನು ನೋಡಿದಳು.

“ಈ ಕೌದಿ ಯಾವಾಗ ಬಂತವಾ ಇಲ್ಲಿ?”

“ಬೆನ್ನು ನೋಯ್ತೈತಿ ಫಕೀರವ್ವ, ಅದಕ್ಕ ಹಾಕ್ಕೊಂಡೀನಿ.”

“ಮೊನ್ನಿ ಸಂಜಿಯಿಂದ ನೋಯಾಕತ್ತೈತೇನು?”

ಕಲ್ಲು ಬಡಿದದ್ದು ಯಾವಾಗ ಎಂದು ಆಕೆಗೆ ಗೊತ್ತಿತ್ತು. ಆಕೆ ಕೌದಿ ತೆಗೆದು ಹೆಗಲ ಮೇಲೆ ಹಾಕಿಕೊಂಡು, ನನ್ನ ಸೀಟಿನಲ್ಲಿ ಕುಳಿತು ಮೂಡಣದ ಕಡೆ ನೋಡಿದಳು. ಸೇತುವೆ ಇರುವುದೂ ಮೂಡಣಕ್ಕೆ. “ಬದಲು ಮಾಡಬೇಕು” ಎಂದಳು.

ನನಗೆ ಸಿಟ್ಟು ಬಂತು. “ಹೌದಲ್ಲ, ಬದಲು ಮಾಡಿದ್ರ ನಾಳೆ ಮೊದಲನೇ ಗಾಡಿ ನಿಂದs ಆಗತೈತಿ.”

“ಆಗತೈತಿ. ಹಾರ ಹಾಕ್ಕೊಂಡು ಹೋಗಾಕಿ ನಾನು, ಅದರಾಗ ಏನೂ ಮುಚ್ಚುಮರಿ ಇಲ್ಲ. ಅದಕ್ಕs ನನ್ನ ಮಾತು ನಂಬಬ್ಯಾಡ. ನೀನs ಕುಂದ್ರು, ಕೌದಿ ಇಲ್ಲದ.”

ನಾನು ಕುಳಿತೆ. ಆಕೆ ಗಾಡಿಯ ಮುಂದೆ ಅರವತ್ತು ಹೆಜ್ಜೆ ನಡೆದುಹೋಗಿ, ದಾರಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟತೊಡಗಿದಳು. ಅರಿಶಿನ ಬಣ್ಣದ ಸೀರೆ, ಹೆಗಲ ಮೇಲೆ ನನ್ನ ಕೆಂಪು ಕೌದಿ. ಕಾಣದಿರಲು ಸಾಧ್ಯವೇ ಇಲ್ಲದ ಹೆಂಗಸು. ಸೂರ್ಯ ಬಿರುಕಿನ ಹಿಂದೆ ಇದ್ದ. ತುಂಬಿದ ರಾಳ ಬೆಳಗಿ ಒಂದು ಬಿಳಿಯ ಗೀರಾಯಿತು. ಆ ಗೀರಿನೊಳಗೆ ಫಕೀರವ್ವ ಹೋದಳು. ನಾಲ್ಕು ಹೆಜ್ಜೆಗಳ ಕಾಲ ಆಕೆ ಇರಲೇ ಇಲ್ಲ. ದಾರಿ ಇತ್ತು, ಬೆಳಕಿತ್ತು, ಆಕೆ ಇರಲಿಲ್ಲ. ಐದನೆಯ ಹೆಜ್ಜೆಗೆ ಆ ಕಡೆಯಿಂದ ಹೊರಬಂದು, “ಕಂಡ್ನೇನವಾ?” ಎಂದು ಕೂಗಿದಳು.

ನಾಳೆ ಸೂರ್ಯ ಹುಟ್ಟುವ ಹೊತ್ತಿಗೆ ನಾನು ಆ ಕಡೆಗೇ ಗಾಡಿ ಓಡಿಸುವವಳಿದ್ದೆ. ಚಿಕ್ಕಕಣಗಿಯವರು ಸೇತುವೆಯ ಮೇಲೆ ನಡೆದು ಎದುರುಗೊಳ್ಳಲು ಬರುತ್ತಾರೆ. ಮಕ್ಕಳು ಮುಂದೆ ಓಡಿ ಬರುತ್ತಾರೆ.

ಬಿರುಕು ಎಷ್ಟು ಉದ್ದ, ಗಾಜಿಗೆ ಎಷ್ಟು ಬಲ ಉಳಿದಿದೆ ಎಂಬುದನ್ನೆಲ್ಲ ಸರಿಯಾಗಿಯೇ ಅಳೆದಿದ್ದೆ. ಬಿರುಕು ನನ್ನ ಕಣ್ಣಿನ ನೇರಕ್ಕಿದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಾಳ ಗಾಜನ್ನು ಹಿಡಿದು ನಿಲ್ಲಿಸುತ್ತದೆ, ಗುರುತನ್ನು ಅಳಿಸುವುದಿಲ್ಲ. ಆದ್ದರಿಂದ ಓಡಿಸುವವರ ಕಣ್ಣಿನೆದುರಿನ ಪೆಟ್ಟು ಚಿಕ್ಕದಾದರೂ ಗಾಜು ಬದಲಾಗಲೇಬೇಕು. ಇದನ್ನು ನಾನು ನೂರಾರು ಜನರಿಗೆ ಹೇಳಿದ್ದೇನೆ. ಆದರೆ ನನ್ನ ದೇಹ ನನಗೆ ತಿಳಿಯದಂತೆ ಬಿರುಕಿನ ಮೇಲಿಂದ ನೋಡಲು ಎತ್ತರ ಹುಡುಕಿಕೊಂಡಿತ್ತು. ನನಗೆ ತಿಳಿಯದಂತೆ ಎಂಬುದು ಪೂರ್ತಿ ನಿಜವೇ? ಬೆನ್ನು ಸ್ವಲ್ಪ ನೋಯುತ್ತಿದ್ದದ್ದೂ ಹೌದು.

“ತೆಗೀರಿ” ಎಂದು ಗಾಜಿನಂಗಡಿಯವರನ್ನು ಕರೆಸಿ ಹೇಳಿದೆ. ಹೇಳಿದ ಮೇಲೆ ಎದೆ ಹಗುರಾಯಿತು ಎಂದು ಬರೆಯಲಾರೆ. ಇನ್ನೂ ಅತ್ತೆಗೆ ಈ ವಿಷಯ ಹೇಳಬೇಕಿತ್ತು. ನಮ್ಮ ಅತ್ತೆ ನಾಗವ್ವನವರು ಹುಟ್ಟಿದ್ದು ಚಿಕ್ಕಕಣಗಿಯಲ್ಲಿ. ಹತ್ತನೆಯ ವಯಸ್ಸಿನಲ್ಲಿ ಆ ದಂಡೆ ಬಿಟ್ಟವರು ಮತ್ತೆ ಕಾಲಿಟ್ಟಿಲ್ಲ. ನಾಳೆ ನನ್ನ ಪಕ್ಕದ ಸೀಟು ಅವರದಾಗಿತ್ತು. ಮಾತು ಹೇಗೆ ಶುರುಮಾಡಲಿ ಎಂದು ತಡವರಿಸುತ್ತಿದ್ದಾಗ ಅವರೇ ಕೇಳಿದರು: “ಫಕೀರವ್ವನ ಗಾಡ್ಯಾಗ ಜಾಗ ಐತೇನು?”

“ಮೂರು ದಿನ ತಡಿರಿ ಅತ್ತಿ, ನಾನs ಕರಕೊಂಡು ಹೋಗ್ತೀನಿ.”

“ನೀ ಆಮ್ಯಾಲೆ ಬಾ. ನಾ ಮೊದಲನೇ ಗಾಡಿಗೆ ಬರ್ತೀನಂತ ಆ ಕಡೆ ಹೇಳಿ ಕಳಿಸೀನಿ. ಮೊದಲನೇ ಗಾಡಿ ಅಂದೀನಿ, ಸೊಸಿ ಗಾಡಿ ಅಂದಿಲ್ಲ.” ಅಷ್ಟು ಹೇಳಿ ತಮ್ಮ ಚೀಲವನ್ನು ಎತ್ತಿಕೊಂಡು ಫಕೀರವ್ವನ ಓಣಿಗೆ ಹೊರಟೇಬಿಟ್ಟರು. ನಾನು ಮೊದಲು ಪೆಚ್ಚಾದೆ, ಆಮೇಲೆ ಬಾಗಿಲಲ್ಲಿ ಒಬ್ಬಳೇ ನಿಂತು ನಕ್ಕೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಗಾಜಿಗೆ ಕಲ್ಲು ಬಿದ್ದ ದಿನವೇ ನಿಮ್ಮವರಲ್ಲದ ಯಾರನ್ನಾದರೂ, ಸಾಧ್ಯವಾದರೆ ನಿಮಗೆ ಅಷ್ಟಾಗಿ ಹಿಡಿಸದವರನ್ನೇ, ನಿಮ್ಮ ಸೀಟಿನಲ್ಲಿ ಕೂರಿಸಿ. ಗಾಡಿಯ ಮುಖ ತಗ್ಗಿನ ಸೂರ್ಯನ ಕಡೆಗಿರಲಿ. ಆಮೇಲೆ ನೀವು ಕುಳಿತುಕೊಳ್ಳಿ, ಅವರು ಮುಂದೆ ದಾರಿ ದಾಟಲಿ. ಒಂದು ಹೆಜ್ಜೆಯಷ್ಟು ಹೊತ್ತು ಅವರು ಮರೆಯಾದರೂ ಗಾಜು ಬದಲಿಸಿ.

ನಾಳೆ ನಾನು ಈ ದಂಡೆಯಲ್ಲಿ ನಿಂತು ಮೊದಲ ಗಾಡಿ ಹೋಗುವುದನ್ನು ನೋಡುತ್ತೇನೆ. ಹೊಟ್ಟೆಕಿಚ್ಚಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ಕೂಗುವವಳು ನಾನೇ ಆಗಿರುತ್ತೇನೆ. ಅಂಟು ಗಟ್ಟಿಯಾದ ಮೇಲೆ ಖಾಲಿ ದಾರಿಯಲ್ಲಿ ಒಬ್ಬಳೇ ದಾಟಿ, ಈ ಕಾಗದವನ್ನು ಚಿಕ್ಕಕಣಗಿಯ ಹಿಂದಂಚೆ ಡಬ್ಬಿಗೆ ಹಾಕುತ್ತೇನೆ.

ನಿಮ್ಮ,
ಸುಲೋಚನಾ ಬಳಿಗಾರ

ಅಂಚೆಗೆ ಹಾಕುವ ದಿನ: ಮಾರ್ಚ್ ೪, ೨೨೩೮