ಬಾಗಿಲ ಹೊರಗಿನ ಚಪ್ಪಲಿಗಳು

ಅಕ್ಕಾ,

ಇವತ್ತು ಬೆಳಿಗ್ಗೆ ಎದ್ದು ತಲೆಯಡಿ ತಡಕಾಡಿದರೆ ನಿನ್ನ ಚಪ್ಪಲಿ ಕೈಗೆ ಸಿಕ್ಕವು, ನನ್ನವು ಇರಲಿಲ್ಲ. ಹಾಸಿಗೆಯನ್ನೆಲ್ಲ ಕೊಡವಿ ನೋಡಿದೆ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದಾಗ ನೀನು ಮೊದಲು ಕಲಿಸಿದ್ದೇ ಅದಲ್ಲವೇ: "ಚಪ್ಪಲಿ ತಲೆ ಕೆಳಗಿಟ್ಕೊಂಡು ಮಲ್ಕೋ. ಇಲ್ದಿದ್ರೆ ಬೆಳಿಗ್ಗೆ ಬರಿಗಾಲೇ ಗತಿ."

ಬಾಗಿಲು ತೆರೆದೆ. ನನ್ನವು ಉಳಿದ ಏಳು ಜೋಡಿಗಳ ಜೊತೆ ಹೊರಗೇ ಇದ್ದವು. ರಾತ್ರಿ ಒಳಗೆ ತರಲು ಮರೆತೇಬಿಟ್ಟಿದ್ದೆ. ನೀನಿದ್ದಿದ್ದರೆ ನನಗೆ ಸರಿಯಾಗಿ ಮಂಗಳಾರತಿ ಆಗುತ್ತಿತ್ತು.

ಹೌದು, ಮನೆ ಸಿಕ್ಕಿತು. "ಒಬ್ಬೊಬ್ಳೇ ಹೋದ್ರೆ ಬಾಗ್ಲಲ್ಲೇ ಅಟ್ತಾರೆ ಕಣೇ, ಎಲ್ರೂ ಒಟ್ಟಿಗೆ ಹೋಗಿ ಕೂತ್ಕೊಳ್ಳೋಣ" ಅನ್ನುತ್ತಿದ್ದೆಯಲ್ಲ, ಹಾಗೇ ಮಾಡಿದೆವು. ಎಂಟು ಹೆಂಗಸರು ದಿನವೂ ನಗರಸಭೆಯ ಮೆಟ್ಟಿಲ ಮೇಲೆ ಕೂತೆವು. ಕೊನೆಗೆ, ಖಾಲಿ ಬಿದ್ದಿದ್ದ ಅವರದೇ ಒಂದು ಮನೆಯ ಬೀಗ ತೆಗೆಸಿಕೊಟ್ಟರು. ಇರುವುದು ಒಂದೇ ಒಲೆ, ಅದಕ್ಕೆ ದಿನಾ ಜಗಳ. ಆದರೆ ಮಲಗಿದವರನ್ನು ಯಾರೂ ಎಬ್ಬಿಸಿ ಓಡಿಸುವುದಿಲ್ಲ ಅಕ್ಕಾ. ಎಲ್ಲಾ ನಿನ್ನ ಪುಣ್ಯ.

ಆಸ್ಪತ್ರೆಯ ಗಾಡಿ ನಿನ್ನನ್ನು ಕರೆದೊಯ್ದ ದಿನ ನಿನ್ನ ಚಪ್ಪಲಿ ನಿಲ್ದಾಣದಲ್ಲೇ ಉಳಿದಿದ್ದವು. ವಾಪಸ್ ಬಂದಾಗ ಬೇಕಾಗುತ್ತವೆ ಎಂದು ಎತ್ತಿಟ್ಟುಕೊಂಡಿದ್ದೆ; ನೀನು ಬರಲೇ ಇಲ್ಲ. ಅಂದಿನಿಂದ ಅವೂ ನನ್ನ ತಲೆಯಡಿಯೇ ಇದ್ದವು.

ಇವತ್ತು ಅವನ್ನೂ ಒಯ್ದು ಬಾಗಿಲ ಹೊರಗೆ, ನನ್ನವುಗಳ ಪಕ್ಕದಲ್ಲಿ ಬಿಟ್ಟೆ. ದಾರಿಯಲ್ಲಿ ಹೋಗುವವರು ನೋಡಿದರೆ ಈ ಮನೆಯಲ್ಲಿ ಒಂಬತ್ತು ಜನ.