ಎರಡು ಕಲ್

ಮೇ 3, 2011. ಶಹಾಪುರ

ಬಿಸಿಎ ಪ್ರಾಜೆಕ್ಟ್ ಪರಿಶೀಲನೆ ಮುಗಿಯಿತು. ಎಂಟರಲ್ಲಿ ಏಳು, ಕಲಬುರಗಿಯ ಒಂದೇ ಅಂಗಡಿಯಲ್ಲಿ ಕೊಂಡ ಸಿಡಿಗಳು. ಒಂದರಲ್ಲಿ ಬೇರೆ ಕಾಲೇಜಿನ ಹೆಸರನ್ನೂ ಅಳಿಸಿಲ್ಲ. ವಿಭಾಗದ ಮುಖ್ಯಸ್ಥ ಭಗವಂತರಾಯರಿಗೆ ತೋರಿಸಿದೆ.

"ಓಡ್ತದಿಲ್ರಿ ಮೇಡಂ? ಓಡಿದ್ರ ಸಾಕು."

ಬಾಯಿತುಂಬ ಗುಟ್ಕಾ. ಕೀಬೋರ್ಡ್ ಮೇಲೆ ಕೆಂಪು ಹನಿ ಬಿತ್ತು. ಒರೆಸಿದ್ದು ನಾನು. ಯಾಕೆ ಒರೆಸಿದೆ?

ಸ್ವಂತ ಬರೆದವಳು ದೋರನಹಳ್ಳಿಯ ಮಮ್ತಾಜ ಒಬ್ಬಳೇ. ಕಾಲುವೆ ನೀರಿನ ಪಾಳಿ — ನಿನ್ನೆ ಯಾರ ಗದ್ದೆಗೆ, ನಾಳೆ ಯಾರಿಗೆ. ಮನೆಯ ಹಳೇ ಕಂಪ್ಯೂಟರಿನಲ್ಲಿ, ಲಿನಕ್ಸ್ ಮೇಲೆ, ಜಾವಾ ಭಾಷೆಯಲ್ಲಿ ಬರೆದಿದ್ದಾಳೆ.

"ನಮ್ಮ ಲ್ಯಾಬಿನ ವಿಂಡೋಸ್‌ನ್ಯಾಗ ಓಡ್ತದೇನ್ರಿ?" ಕೇಳಿದಳು.

ಜಾವಾ ಎಲ್ಲ ಕಡೆ ಓಡುತ್ತದೆ ಎಂದೆ. ಪುಸ್ತಕದಲ್ಲಿ ಹಾಗೇ ಇದೆ.

ಮೇ 6, ಸಂಜೆ

ವೈವಾ. ಅಸಹ್ಯ.

ಅಂಗಡಿಯ ಏಳೂ ಪಾಸ್. ಹೊರಗಿನಿಂದ ಬಂದ ಎಕ್ಸಾಮಿನರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಮ್ತಾಜಳದು ಓಡಿತು... ತಪ್ಪಾಗಿ. ನಿನ್ನೆಯ ನೀರು ಇಸ್ಮಾಯಿಲಸಾಬರಿಗೆ. ನಾಳೆಯದೂ ಅವರಿಗೇ.

"ಯಾರವ್ವ ಈ ಇಸ್ಮಾಯಿಲಸಾಬ? ದಿನಾ ಇವಗೇ ನೀರೇನು?" ಭಗವಂತರಾಯರು ಕೇಳಿದರು.

"ನಮ್ಮ ಅಬ್ಬಾ ರಿ."

"ಹಾಂ! ಅದಕ್ಕ!" ಭಗವಂತರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೋಡ್ ತೆರೆಸಿದೆ. ಎರಡು ಫೈಲ್, ಎರಡಕ್ಕೂ 'ಕಲ್' ಎಂದು ಹೆಸರು.

"ನಮ್ಮ ಮನ್ಯಾಗ ಉರ್ದು ರಿ. ನಿನ್ನೆಗೂ ಕಲ್, ನಾಳೆಗೂ ಕಲ್. ಅದಕ್ಕ ನಾಳೆದಕ್ಕ ಕ್ಯಾಪಿಟಲ್ ಕೆ ಇಟ್ಟೀನ್ರಿ."

ಲಿನಕ್ಸ್‌ಗೆ ಅವು ಬೇರೆ ಬೇರೆ. ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ. ಕಾಪಿ ಮಾಡುವಾಗ ನಿನ್ನೆ ಹೋಗಿ ನಾಳೆಯ ಮೇಲೆ ಕೂತಿದೆ. ಹೆಸರು ಬದಲಿಸಲು ಹತ್ತು ನಿಮಿಷ ಕೊಡಿ ಎಂದೆ.

"ಮೇಡಂ, ಚಾ ಆರಾಕತ್ತದ," ಎಂದರು ಎಕ್ಸಾಮಿನರ್. ಫೇಲ್ ಎಂದು ಬರೆದರು.

ಅಂಕಪಟ್ಟಿಗೆ ನನ್ನ ಸಹಿಯೂ ಬೇಕು. ಮಾಡಲಿಲ್ಲ.

ಮೇ 11

ಎಕ್ಸಾಮಿನರ್ ಮತ್ತೆ ಬಂದರು, ಅಂಕಪಟ್ಟಿ ಒಯ್ಯಲು. ಮಮ್ತಾಜ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಎರಡು ಸಿಡಿ.

"ಇದು ಅಂಗಡಿದು ರಿ, ಭಗವಂತರಾಯ ಸರ್ ಕೊಟ್ರು. ಇದನ್ನ ತೋರಿಸಿದ್ರ ಪಾಸಂತ. ನೀವು ಸಹಿ ಮಾಡ್ಬೇಕಂತ."

"ಇನ್ನೊಂದು?"

"ನಂದು. ಹೆಸರು ಬದಲಿ ಮಾಡೀನ್ರಿ. ವಿಂಡೋಸ್‌ನ್ಯಾಗೂ ನೋಡೀನಿ. ಅಬ್ಬಾಗ ಒಂದೇ ಸರ್ತಿ ನೀರು ಬರಾಕತ್ತದ." ನಗಲು ನೋಡಿದಳು. "ಯಾವುದು ಹಾಕ್ಲಿ ಮೇಡಂ? ನಿನ್ನಿಂದ ರಿಸಲ್ಟ್ ನಿಂತದ ಅಂತ ಎಲ್ಲರೂ ಬೈಯಾಕತ್ತಾರ."

ನನ್ನದು ನ್ಯಾಯವೋ, ಬರೀ ಹಟವೋ? ಗೊತ್ತಿಲ್ಲ. ಅಂಗಡಿಯ ಸಿಡಿಯನ್ನು ಒಯ್ದು ಭಗವಂತರಾಯರ ಕೋಣೆಯಲ್ಲಿ, ಅವರೂ ಎಕ್ಸಾಮಿನರೂ ತಿನ್ನುತ್ತಿದ್ದ ಮಿರ್ಚಿ ಭಜಿಯ ತಟ್ಟೆಯ ಪಕ್ಕದಲ್ಲಿಟ್ಟೆ.

"ಸರ್, ಸ್ವಲ್ಪ ಏಳ್ರಿ. ನಿಮ್ಮ ಕಂಪ್ಯೂಟರ್‌ನಲ್ಲೇ ತೋರಿಸ್ತಾಳೆ."

ಏಳಲಿಲ್ಲ. ಮಮ್ತಾಜ ನಿಂತೇ ಕೀಬೋರ್ಡ್ ಎಳೆದುಕೊಂಡಳು. ನಿನ್ನೆ — ಇಸ್ಮಾಯಿಲಸಾಬ. ನಾಳೆ — ತಾಯಪ್ಪ. ಸರಿ. ಎಲ್ಲವೂ ಸರಿ.

ಎಕ್ಸಾಮಿನರ್ ಎಣ್ಣೆಗೈ ಒರೆಸಿಕೊಂಡು ಅಂಕ ತಿದ್ದಿದರು. ಪಾಸಿಗೆ ಎಷ್ಟು ಬೇಕೋ ಅಷ್ಟೇ. ಅಂಗಡಿಯ ಏಳಕ್ಕೂ ಡಿಸ್ಟಿಂಕ್ಷನ್.

"ಪಾಸಾದ್ನಲ್ರಿ ಮೇಡಂ!" ನನ್ನ ಕೈ ಹಿಡಿದು ಕುಣಿದಳು. ಅವಳಿಗೆ ಏನು ಹೇಳಲಿ?

ಸಹಿ ಮಾಡಿದೆ. ಒಂದೇ ಹಾಳೆ, ಎಂಟು ಹೆಸರು, ಕೆಳಗೆ ಒಂದು ಸಹಿ. ಆ ಏಳಕ್ಕೂ ಅದೇ. ಅಂದರೆ ನಾನೂ —