ಅಳಿಸಿದ ಉತ್ತರಗಳು

ಜ್ಯಾಕ್ಸನ್, ಮಿಸಿಸಿಪಿ
ಮೇ 19, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ವರ್ನೆಲ್ ಚಿಕ್ಕಮ್ಮನ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದೇ ಹತ್ತು. ಇವತ್ತು ಚರ್ಚಿನಲ್ಲಿ ಎಲ್ಲರೂ ನಿನ್ನನ್ನೇ ಕೇಳಿದರು. ನೀನು ಕೂರುವ ಜಾಗದಲ್ಲಿ ಯಾರೂ ಕೂರಲಿಲ್ಲ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ರಾಜ್ಯದ ಪರೀಕ್ಷೆಯಲ್ಲಿ ಮಕ್ಕಳು ಪ್ರತಿ ಪ್ರಶ್ನೆಗೂ ನಾಲ್ಕು ವೃತ್ತಗಳಲ್ಲಿ ಒಂದನ್ನು ಪೆನ್ಸಿಲಿನಿಂದ ತುಂಬುತ್ತಾರೆ. ಆ ಉತ್ತರಪತ್ರಿಕೆಗಳನ್ನು ಯಂತ್ರ ಓದುತ್ತದೆ, ರಬ್ಬರಿನಿಂದ ಅಳಿಸಿದ ಮಸುಕನ್ನೂ ಬಿಡುವುದಿಲ್ಲ. ತಪ್ಪನ್ನು ಅಳಿಸಿ ಸರಿ ಮಾಡಿದ್ದು ಎಷ್ಟು ಎಂದು ನಾನು ಎಣಿಸುತ್ತೇನೆ. ಸಾಮಾನ್ಯವಾಗಿ ಒಂದು ಮಗುವಿಗೆ ಒಂದೋ ಎರಡೋ. ಒಂದು ತರಗತಿಯಲ್ಲಿ ಮಾತ್ರ ತಲೆಗೆ ಹದಿನಾಲ್ಕು ಬಂತು. ಅಷ್ಟು ಬಂದರೆ, ಮಕ್ಕಳು ಹೋದ ಮೇಲೆ ಟೀಚರೇ ಕೂತು ತಿದ್ದಿದ್ದಾರೆ ಎಂದು ನಮ್ಮ ಕಚೇರಿಯ ತೀರ್ಮಾನ. ಶಾಲೆಯ ಹೆಸರಿರಲಿಲ್ಲ, ಬರೀ ಸಂಖ್ಯೆ. ಮೇಲಧಿಕಾರಿ ಹಾಲಿಸ್ ಬಂದು, "ಮಕ್ಕಳೇ ಅಳಿಸಿರಬಹುದೇನಯ್ಯಾ? ಯೋಚ್ನೆ ಮಾಡಿ ಹೇಳು, ಒಬ್ಬರ ಹೊಟ್ಟೆಪಾಡಿನ ಪ್ರಶ್ನೆ" ಎಂದರು. "ಸಾಧ್ಯವೇ ಇಲ್ಲ ಸಾರ್" ಎಂದು ಸಹಿ ಹಾಕಿದೆ. ಅದು ನಿನ್ನ ತರಗತಿ. ಮೂವತ್ತೊಂದು ವರ್ಷ ಪಾಠ ಮಾಡಿದ ನಿನ್ನನ್ನು ಆ ಸಹಿಯ ಮೇಲೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ನಿನ್ನ ತರಗತಿಯ ಮಕ್ಕಳು ನಿಧಾನ. ಸಮಯ ಸಾಲದೆ ಕೊನೆಯ ಪುಟ ಖಾಲಿ ಬಿಟ್ಟು ಅಳುತ್ತಿದ್ದವು. ಅದಕ್ಕೇ ನೀನು, "ಮೊದ್ಲು ಎಲ್ಲಾದಕ್ಕೂ ಒಂದೇ ಕಡೆ ಗುರುತು ಹಾಕ್ಬಿಡಿ ಕಂದಾ. ಆಮೇಲೆ ಒಂದೊಂದೇ ಓದಿ, ಅಳಿಸಿ, ಸರಿ ಮಾಡಿ" ಎಂದು ಹೇಳಿಕೊಡುತ್ತಿದ್ದೆ. ಶಾಲಾ ಮಂಡಳಿಯ ವಿಚಾರಣೆಯಲ್ಲಿ ನೀನು ಇದನ್ನೇ ಹೇಳಿದಾಗ ಅವರು ನಕ್ಕರಂತೆ. ಚಿಕ್ಕಮ್ಮನ ಹತ್ತಿರ ನೀನು ಅಂದದ್ದೂ ನನ್ನ ಕಿವಿಗೆ ಬಿತ್ತು: "ಥೇರನ್ ಮೇಲೆ ನಂಗೇನೂ ಸಿಟ್ಟಿಲ್ಲ ಕಣೇ. ಅವನಿಗೂ ಹಾಗೇ ಕಲಿಸಿದ್ದೆ. ಪಾಪ, ಮರ್ತಿದ್ದಾನೆ."

ಮಾತ್ರೆ ತಪ್ಪಿಸಬೇಡ. ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ ಮಗ,
ಥೇರನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಾನು ಮರೆತಿರಲಿಲ್ಲ ಅಮ್ಮಾ. ಆ ಇಪ್ಪತ್ತಾರು ಪತ್ರಿಕೆಗಳಲ್ಲೂ ಮಸುಕೆಲ್ಲ ಮೂರನೇ ವೃತ್ತದಲ್ಲೇ ಇತ್ತು, ನನಗೆ ನೀನು ಕಲಿಸಿದ ಹಾಗೆಯೇ. ಟೀಚರು ತಪ್ಪುಗಳನ್ನಷ್ಟೇ ತಿದ್ದಿದ್ದರೆ ಮಸುಕು ಬೇರೆ ಬೇರೆ ವೃತ್ತಗಳಲ್ಲಿ ಚೆದುರಿರುತ್ತಿತ್ತು. ನೋಡಿದ ಕೂಡಲೇ ಇವು ನಿನ್ನ ಮಕ್ಕಳದ್ದು ಎಂದು ಗೊತ್ತಾಯಿತು. ಬಾಯಿಬಿಟ್ಟರೆ ತಾಯಿಯನ್ನು ಬಚಾವು ಮಾಡಿದ ಅನ್ನುತ್ತಾರೆ, ಕೆಲಸ ಹೋಗುತ್ತದೆ ಎಂದು ಹೆದರಿ ಹಾಲಿಸ್‌ಗೆ ಸಾಧ್ಯವೇ ಇಲ್ಲ ಎಂದೆ. ಶುಕ್ರವಾರ ಮಂಡಳಿಯ ಮುಂದೆ ಇದನ್ನು ಹೇಳುತ್ತೇನೆ. ನೀನು ಅಲ್ಲಿಗೆ ಬರಬೇಡ. ನನ್ನ ಮೇಲೆ ಸಿಟ್ಟು ಮಾಡಿಕೋ, ಪಾಪ ಅನ್ನಬೇಡ.